ನವೆಂಬರ್ ಇಪ್ಪತ್ತಮೂರರ ಹೆಸರು

ಬೆಣ್ಣೆ ಕೇಕಿನ ಅರ್ಧಭಾಗ ತುಂಡಾಗಿತ್ತು. ಯೆನೆಕೆ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ, ಉಳಿದರ್ಧದ ಮೇಲೆ ಮತ್ತೆ ಓರೆಯಾಗಿ ಎಳೆದಳು. ಕೇಕು ಗಟ್ಟಿಯಾಗಿತ್ತು; ಚಾಕು ತಳ ಮುಟ್ಟಬೇಕಾದರೆ ಹಿಡಿಯ ಮೇಲೆ ಮೈಭಾರವನ್ನೆಲ್ಲ ಹಾಕಬೇಕು. ಮೂವತ್ತು ತುಂಡಾದರೂ ಆಗಬೇಕು. ಬಸ್ಸಿನಲ್ಲಿ ಎಷ್ಟು ಜನ ಇರುತ್ತಾರೆಂದು ಪತ್ರದಲ್ಲಿ ಬರೆದಿರಲಿಲ್ಲ. ಓಸ್ಟರ್‌ವೀರ್ ಊರಿನ ಚರ್ಚಿನ ಮುಂದಿನಿಂದ ಬೆಳಗ್ಗೆ ಎಂಟಕ್ಕೆ ಹೊರಡುತ್ತೇವೆ, ಮಳೆಯಂಗಿ ಇರಲಿ, ತಂದೆಯವರ ಹೆಸರನ್ನು ನೀವೇ ಕೂಗಬೇಕು ಎಂದಷ್ಟೇ ಇತ್ತು.

ಆ ಕೊನೆಯ ಮಾತು ಮೂರು ವಾರದಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತುಬಿಟ್ಟಿತ್ತು.

ಯುದ್ಧದ ಕೊನೆಯ ಚಳಿಗಾಲ ಶುರುವಾಗುವ ಮುಂಚೆ ಜರ್ಮನ್ ಸೈನಿಕರು ಓಸ್ಟರ್‌ವೀರಿನ ಗಂಡಸರನ್ನೆಲ್ಲ ಚರ್ಚಿನ ಮುಂದೆ ನಿಲ್ಲಿಸಿ, ನಲವತ್ತೊಂದು ಮಂದಿಯನ್ನು ಲಾರಿಗೆ ತುಂಬಿಕೊಂಡು ಹೋಗಿದ್ದರು. ಗಡಿಯಾಚೆಯ ಜೌಗುನೆಲದಲ್ಲಿದ್ದ ಮೂರ್‌ಹೋಲ್ಟ್ ಕ್ಯಾಂಪಿನಿಂದ ತಿರುಗಿ ಬಂದವರು ಹನ್ನೊಂದೇ ಜನ. ಅಂದಿನಿಂದ ಊರಿನವರು ಪ್ರತಿ ನವೆಂಬರಿನಲ್ಲಿ ಅಲ್ಲಿಗೆ ಹೋಗುತ್ತಾರೆ. ಕೈದಿಗಳನ್ನು ಎಣಿಸುತ್ತಿದ್ದ ಹಾಜರಿ ಬಯಲಿನಲ್ಲಿ ನಿಂತು ಒಬ್ಬೊಬ್ಬರ ಹೆಸರನ್ನೂ ಅವರವರ ಮನೆಯವರು ಕೂಗುತ್ತಾರೆ. ಉಳಿದವರೆಲ್ಲ ಒಂದೇ ದನಿಯಲ್ಲಿ ‘ಇದ್ದಾನೆ’ ಎನ್ನುತ್ತಾರೆ. ಬದುಕಿ ಬಂದು ಆಮೇಲೆ ತೀರಿಕೊಂಡವರನ್ನೂ ಆ ಸಾಲಿಗೆ ಸೇರಿಸುವುದು ರೂಢಿ. ಯೆನೆಕೆಯ ಅಪ್ಪ ಹಾರ್ಮೆನ್ ಬೂರ್ಮಾ ಈ ಮಾರ್ಚಿನಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಆಸ್ಪತ್ರೆಯ ಬಿಳಿ ಹಾಸಿಗೆಯ ಮೇಲೆ ಸತ್ತಿದ್ದ. ಉಗುರು ಕತ್ತರಿಸಿ, ತಲೆ ಬಾಚಿದ್ದರು. ನೋಡಿದವರು ಸಾಧು ಮನುಷ್ಯ ಎಂದುಕೊಳ್ಳಬೇಕು, ಹಾಗೆ.

ಅವನು ಮಾತ್ರ ಒಮ್ಮೆಯೂ ಆ ಬಸ್ಸು ಹತ್ತಿದವನಲ್ಲ. ಯುದ್ಧ ಮುಗಿದ ಎರಡನೇ ವರ್ಷಕ್ಕೇ ಊರು ಬಿಟ್ಟು, ಸಮುದ್ರವನ್ನು ಹಿಂದೆ ತಳ್ಳಿ ಮಾಡಿದ ಹೊಸ ನೆಲಕ್ಕೆ ಬಂದು ಕಮ್ಮಾರಸಾಲೆ ಹಾಕಿದ್ದ. ಊರಿನಿಂದ ವರ್ಷಕ್ಕೊಮ್ಮೆ ಬರುತ್ತಿದ್ದ ಪತ್ರವನ್ನು ಒಡೆಯದೆ ಒಲೆಗೆ ಹಾಕುತ್ತಿದ್ದ. ಸತ್ತ ಮೇಲೆ ಬಂದ ಪತ್ರವನ್ನು ಒಡೆದವಳು ಯೆನೆಕೆ. ಹೂಂ ಎಂದಳು. ಆಮೇಲೆ ಬಚ್ಚಲ ಕನ್ನಡಿಯ ಮುಂದೆ ಆ ಹೆಸರನ್ನು ಹೇಳಿ ಹೇಳಿ ನೋಡಿದಳು. ಅವಳು ಮನೆಮನೆಗೆ ಹೋಗಿ ಮುದುಕರಿಗೆ ಸ್ನಾನ ಮಾಡಿಸುವ, ಹುಣ್ಣಿಗೆ ಪಟ್ಟಿ ಕಟ್ಟುವ ನರ್ಸು; ಎಂಥೆಂಥ ಹೆಸರನ್ನೋ ಅಕ್ಕರೆಯಿಂದ ಕರೆದವಳು. ಈ ಒಂದು ಹೆಸರು ಮಾತ್ರ ಬಾಯಿಂದ ಹೊರಬರುವಾಗ ಮರದ ತುಂಡಿನಂತೆ ಬೀಳುತ್ತಿತ್ತು.

ತಮ್ಮ ಸಿಟ್ಸೆಗೆ ಫೋನಿನಲ್ಲಿ ಹೇಳಿದಾಗ ಅವನು ಬೈದ. ಅಪ್ಪ ಕ್ಯಾಂಪಿನಲ್ಲಿ ಏನೇನು ಪಟ್ಟಿದ್ದರೋ, ನೀನಿನ್ನೂ ಹಳೆಯದನ್ನೇ ಹಿಡಿದುಕೊಂಡು ಕೂತಿದ್ದೀಯ ಎಂದ.

“ಹಿಡ್ಕೊಂಡಿದ್ದು ನಾನಲ್ಲ ಕಣೋ,” ಎಂದಿದ್ದಳು ಯೆನೆಕೆ. “ನನ್ನ ಕೂದಲು ಹಿಡ್ಕೊಂಡಿದ್ದು ಅವರು.”

ಹೆಸರನ್ನು ಅಕ್ಕರೆಯಿಂದ ಕೂಗಲು ಅವಳಿಗೆ ಏನಾದರೊಂದು ಬೇಕಿತ್ತು. ಒಂದು ಎಳೆಯಾದರೂ ಸಾಕಿತ್ತು. ಸಿಕ್ಕಿದ್ದು ಪಾಯಿಖಾನೆಯ ಗೋಡೆಯಲ್ಲಿ. ಆ ಕಡೆಯ ಎಲ್ಲರ ಮನೆಯಲ್ಲಿರುವಂತೆ ಅಪ್ಪನ ಮನೆಯಲ್ಲೂ ಹುಟ್ಟುಹಬ್ಬದ ಕ್ಯಾಲೆಂಡರು ಅಲ್ಲಿಯೇ, ಕೂತಾಗ ಕಣ್ಣೆದುರಿಗೆ ಬರುವ ಹಾಗೆ ತೂಗುತ್ತಿತ್ತು. ಮನೆ ಖಾಲಿ ಮಾಡುವಾಗ ಅದನ್ನು ಇಳಿಸಿದಳು. ನೆಂಟರು, ನೆರೆಯವರು, ಎಲ್ಲ ಹೆಸರೂ ಅವ್ವನ ಕೈಬರಹದಲ್ಲಿ, ಶಾಯಿಯಲ್ಲಿ. ನವೆಂಬರ್ ಇಪ್ಪತ್ತಮೂರರ ಎದುರಿಗೆ ಮಾತ್ರ ಅಪ್ಪನ ಅಕ್ಷರ, ಪೆನ್ಸಿಲಿನಲ್ಲಿ: ವೆಸ್ಸೆಲ್. ಅಪ್ಪ ತಾನೇ ಬರೆದುಕೊಂಡ ಒಂದೇ ಒಂದು ಹೆಸರು. ಬಸ್ಸು ಹೊರಡುವುದೂ ಇಪ್ಪತ್ತಮೂರಕ್ಕೇ. ಕ್ಯಾಂಪಿಗೆ ಹೋಗುವ ಮುಂಚೆ ಅಪ್ಪನಿಗೊಬ್ಬ ಗೆಳೆಯನಿದ್ದ, ಅವನು ಹುಟ್ಟಿದ ದಿನವನ್ನು ಅಪ್ಪ ಮರೆಯಲಿಲ್ಲ ಎಂದಾದರೆ, ಆ ಗೆಳೆಯನಿಗೆ ಗೊತ್ತಿದ್ದ ಹಾರ್ಮೆನನ ಹೆಸರನ್ನು ಕೂಗಬಹುದು. ಕೇಕು ಮಾಡಿದ್ದು ಅದಕ್ಕೇ.

ಆ ಹೆಸರಿನ ಜೊತೆ ಅವಳಿಗೆ ಹಳೆಯ ಲೆಕ್ಕವೊಂದು ಇತ್ತು. ಆಗ ಒಂಬತ್ತು ವರ್ಷ. ಒಬ್ಬರ ಹುಟ್ಟುಹಬ್ಬವೆಂದರೆ ಅವರ ಮನೆಯವರಿಗೂ ಗೆಳೆಯರಿಗೂ ಕೈಕುಲುಕಿ ಶುಭಾಶಯ ಹೇಳುವುದು ಮರ್ಯಾದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಬುಧವಾರ, ಮಧ್ಯಾಹ್ನ ಶಾಲೆ ಇರಲಿಲ್ಲ. ಅಪ್ಪ ಪಾಯಿಖಾನೆಯಿಂದ ಹೊರಬಂದ. ಅವಳು ದೊಡ್ಡವರ ಹಾಗೆ ಕೈ ಚಾಚಿ, ವೆಸ್ಸೆಲ್ ಹುಟ್ಟುಹಬ್ಬದ ಶುಭಾಶಯ ಅಪ್ಪಾ, ಎಂದಳು.

ಅಪ್ಪ ಕೈ ಹಿಡಿದ. ಕುಲುಕಲಿಲ್ಲ, ತಿರುಚಿದ. ಮಣಿಕಟ್ಟು ಹಸಿ ಕಡ್ಡಿಯಂತೆ ಲಟಕ್ಕೆಂದಿತು. ಇನ್ನೊಂದು ಕೈ ಕೂದಲಿಗೆ ಬಂತು. ಹಿತ್ತಿಲ ಕೋಣೆಯಲ್ಲಿ ಅವ್ವ ಬಟ್ಟೆ ನೆನೆಹಾಕಿದ್ದ ಸತುವಿನ ತೊಟ್ಟಿಗೆ ಅವಳ ಮುಖವನ್ನು ಅದ್ದಿ ಒತ್ತಿ ಹಿಡಿದ. ನೀರಿನೊಳಗೆ ಅವಳು ಕಣ್ಣು ಬಿಟ್ಟಿದ್ದಳು. ಅಪ್ಪನದೇ ನೀಲಿ ಕಾಲುಚೀಲವೊಂದು ಮೂಗಿನ ಮುಂದೆ ನಿಧಾನ ತಿರುಗುತ್ತಿತ್ತು. ಎದೆಯೊಳಗೆ ಬೆಂಕಿ ಹೊತ್ತಿಕೊಂಡಿತು. ಅವ್ವ ಕಲ್ಲಿದ್ದಲ ಸಲಿಕೆಯಿಂದ ಅವನ ಬೆನ್ನಿಗೆ ಬಾರಿಸಿದ್ದರಿಂದ ಅವಳು ಬದುಕಿದಳು. ಅಪ್ಪ ತಿರುಗಿ ಅವ್ವನನ್ನು ನೆಲಕ್ಕೆ ಕೆಡವಿ ಬೂಟುಗಾಲಿನಿಂದ ಒದ್ದ. ಎರಡು ಪಕ್ಕೆಲುಬು ಮುರಿದವು. ಅಷ್ಟಾದ ಮೇಲೆ ಹೊಸ್ತಿಲ ಮೇಲೆ ಕೂತು ಕಾಫಿ ಕೇಳಿದ. ಅವ್ವ ಎದ್ದು ಕಾಫಿ ಬಗ್ಗಿಸಿದಳು. ಲೋಟ ತುಂಬುವಾಗ ಅವಳ ಬಾಯಿಂದ ಬರುತ್ತಿದ್ದ ಸಣ್ಣ ಸಿಳ್ಳಿನಂಥ ಸದ್ದು ಯೆನೆಕೆಗೆ ಇವತ್ತಿಗೂ ಕೇಳಿಸುತ್ತದೆ.

ವೈದ್ಯರಿಗೆ ಏಣಿಯಿಂದ ಬಿದ್ದೆವು ಎಂದರು, ತಾಯಿ ಮಗಳು ಇಬ್ಬರೂ. ವೆಸ್ಸೆಲ್ ಅಪ್ಪನ ಗೆಳೆಯನಿರಬೇಕು, ಅಲ್ಲೇ ಸತ್ತಿರಬೇಕು, ಇನ್ನು ಆ ಹೆಸರು ಎತ್ತಬೇಡ ಎಂದು ಅವ್ವ ಅವಳಿಗೆ ತಿಳಿಹೇಳಿದಳು. ಕೊನೆಗೆ ಎಂದಿನ ಮಾತು: “ಕ್ಯಾಂಪಲ್ಲಿದ್ದು ಬಂದೋರು ಮಗಳೇ.” ಮುರಿದ ತಟ್ಟೆಗೂ ಅದೇ ಮಾತು, ಒಡೆದ ತುಟಿಗೂ ಅದೇ. ಆ ಮನೆಯಲ್ಲಿ ಎಲ್ಲ ಗಾಯಕ್ಕೂ ಹಚ್ಚುವ ಮುಲಾಮು ಅದೊಂದೇ ಆಗಿತ್ತು. ಅವ್ವ ಅದನ್ನು ಹಚ್ಚಿಕೊಂಡೇ ಆರು ವರ್ಷದ ಕೆಳಗೆ ಸತ್ತಳು. ಯೆನೆಕೆ ತನ್ನ ಮಗಳ ಮೇಲೆ ಒಮ್ಮೆಯೂ ಕೈ ಎತ್ತಲಿಲ್ಲ. ಸಿಟ್ಟು ಬಂದಾಗ ಸೈಕಲ್ ಇಡುವ ಕೊಟ್ಟಿಗೆಗೆ ಹೋಗಿ, ಅಗುಳಿ ಹಾಕಿಕೊಂಡು, ಬೆರಳು ನಡುಗುವುದು ನಿಲ್ಲುವ ತನಕ ನಿಂತಿರುತ್ತಿದ್ದಳು. ಹಾಗೆ ನಿಂತಾಗಲೆಲ್ಲ ಆ ಬೆರಳುಗಳು ಅಪ್ಪನವು ಎನಿಸುತ್ತಿತ್ತು.

ಕೇಕಿನ ತುಂಡುಗಳನ್ನು ತಗಡಿನ ಡಬ್ಬಿಗೆ ಜೋಡಿಸಿ, ಮುಚ್ಚಳ ಒತ್ತಿ, ಅವಳು ಕಾರು ಹತ್ತಿದಳು.

ಚರ್ಚಿನ ಮುಂದೆ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಪತ್ರಕ್ಕೆ ಸಹಿ ಹಾಕಿದ್ದ ಲಮ್ಮರ್ಟ್ ಬಾಗಿಲಲ್ಲೇ ಇದ್ದ. ಎಪ್ಪತ್ತೊಂದರ ಉದ್ದನೆಯ ಬಾಗಿದ ಮುದುಕ, ಎಡಗಾಲು ಎಳೆಯುತ್ತಿದ್ದ. ಬೂಟಿನೊಳಗೆ ಎರಡು ಬೆರಳಿಲ್ಲ ಎಂಬುದು ನರ್ಸಿನ ಕಣ್ಣಿಗೆ ಕೂಡಲೇ ಗೊತ್ತಾಯಿತು. ತಿರುಗಿ ಬಂದ ಹನ್ನೊಂದು ಜನರಲ್ಲಿ ಈಗ ಉಳಿದವನು ಅವನೊಬ್ಬನೇ. ಅವನು ಅವಳ ಕೈ ಕುಲುಕಿದ, ಮುಖ ನೋಡಲಿಲ್ಲ. ಅವನ ಹೆಂಡತಿ ಬೌಕೆ ಹಾಗಲ್ಲ. ಗುಂಡಗಿನ, ಚುರುಕು ಕಣ್ಣಿನ ಹೆಂಗಸು ಯೆನೆಕೆಯ ತೋಳು ಹಿಡಿದು ಎಳೆದು ಪಕ್ಕದಲ್ಲೇ ಕೂರಿಸಿಕೊಂಡಳು. ಗಂಡನನ್ನು ಮುಂದಿನ ಸೀಟಿಗೆ ಅಟ್ಟಿದಳು.

“ಹಾರ್ಮೆನ್ ಮಗಳು ಅಂತ ಆ ಹಣೆ ನೋಡಿದ್ರೇ ಗೊತ್ತಾಗತ್ತೆ. ನನ್ನನ್ನ ಅತ್ತೆ ಅನ್ನು. ಊರಿಗೆ ಬೆನ್ನು ತಿರುಗಿಸಿ ಹೋದ ಮನುಷ್ಯ ನಿಮ್ಮಪ್ಪ, ಒಂದು ಸಲ ಬರಲಿಲ್ಲ. ನಾವೇನು ಕಚ್ತಿದ್ವಾ? ಈ ಪತ್ರಾನೂ ನಾನೇ ಬರೆದಿದ್ದು. ಇವರು ಬೇಡ ಬೇಡ ಅಂತಿದ್ರು. ಸಹಿ ಹಾಕೋಕೆ ಮೂರು ದಿನ ತಗೊಂಡ್ರು, ಏನೋ ಆಸ್ತಿ ಬರೆದುಕೊಡೋರ ಹಾಗೆ.”

ಮುಂದಿನ ಸೀಟಿನಲ್ಲಿ ಲಮ್ಮರ್ಟನ ಕುತ್ತಿಗೆ ಅಲುಗಲಿಲ್ಲ.

ಗಡಿ ದಾಟಿದ್ದು ಯಾರಿಗೂ ಗೊತ್ತಾಗಲಿಲ್ಲ. ಕಾವಲುಮನೆಯ ಕಿಟಕಿಗೆ ಹಲಗೆ ಬಡಿದಿತ್ತು. ಹಿಂದೆ ಯಾರೋ, ಈಗ ಜರ್ಮನ್ನರಿಗೆ ನಮ್ಮ ಟೊಮೇಟೊ ಸಿಕ್ಕರೆ ಸಾಕು, ನಾವು ಬೇಡ ಎಂದರು, ನಕ್ಕರು. ಫ್ಲಾಸ್ಕುಗಳ ಮುಚ್ಚಳ ತೆರೆದು ಕಾಫಿಯ ವಾಸನೆ ಹಬ್ಬಿತು. ಇದೇ ಹೊತ್ತು ಎಂದುಕೊಂಡು ಯೆನೆಕೆ ಡಬ್ಬಿ ಹಿಡಿದು ನಡುದಾರಿಯಲ್ಲಿ ನಿಂತಳು.

“ಇವತ್ತು ನಮ್ಮಪ್ಪನ ಗೆಳೆಯ ವೆಸ್ಸೆಲ್ ಹುಟ್ಟಿದ ದಿನ,” ಎಂದಳು. “ಅವರನ್ನ ನಾನು ಕಂಡಿಲ್ಲ. ಕಂಡಿರೋರಿಗೆಲ್ಲ ಶುಭಾಶಯ.”

ಕೇಕಿಗೆ ಚಾಚಿದ್ದ ಕೈಗಳು ಅಲ್ಲಲ್ಲೇ ನಿಂತವು. ಚಾಲಕ ರೇಡಿಯೋದ ದನಿ ಇಳಿಸಿದ. ಯಾವ ವೆಸ್ಸೆಲ್ ಎಂದು ಬೌಕೆ ಕೇಳಿದಳು. ಅಪ್ಪನ ಕ್ಯಾಲೆಂಡರಿನಲ್ಲಿ ಅಷ್ಟೇ ಬರೆದಿತ್ತು, ಗೋಡೆಯ ಮೇಲೆ, ನನಗೆ ತಿಳಿವಳಿಕೆ ಬಂದಾಗಿನಿಂದಲೂ ಇತ್ತು ಎಂದು ಯೆನೆಕೆ ತೊದಲಿದಳು.

“ನಮ್ಮಣ್ಣ ವೆಸ್ಸೆಲ್ ಹುಟ್ಟಿದ್ದು ಜೂನ್ ಎರಡಕ್ಕೆ,” ಎಂದಳು ಬೌಕೆ. “ಇವತ್ತು ಅವನು ಸತ್ತ ದಿನ.”

ಯೆನೆಕೆ ಡಬ್ಬಿಯ ಮುಚ್ಚಳ ಹಾಕಲು ಹೋದಳು. ತಪ್ಪಾಯಿತು ಎಂದಳು, ಗೊತ್ತಿರಲಿಲ್ಲ ಎಂದಳು. ಬೌಕೆ ಎದ್ದು, ಅವಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು, ಕೆನ್ನೆಗೆ ಮೂರು ಮುತ್ತು ಕೊಟ್ಟಳು. ಕಣ್ಣಲ್ಲಿ ನೀರಿತ್ತು.

“ಐವತ್ತು ವರ್ಷ ನಮ್ಮಣ್ಣ ನಿಮ್ಮ ಮನೆ ಗೋಡೆ ಮೇಲಿದ್ನಾ? ನಮ್ಮನೇಲೇ ಅವನ ಹೆಸರು ಬರೆದಿಡೋಕೆ ನಮ್ಮಮ್ಮನ ಕೈ ಬರ್ತಿರಲಿಲ್ಲ. ನಿಮ್ಮಪ್ಪ ಬರೆದಿಟ್ಟಿದ್ರು ನೋಡು.”

ಅವಳು ಎರಡು ತುಂಡು ತೆಗೆದುಕೊಂಡು ಒಂದನ್ನು ಮುಂದಿನ ಸೀಟಿಗೆ ದಾಟಿಸಿದಳು. ಬಸ್ಸು ಮತ್ತೆ ಮಾತಾಡತೊಡಗಿತು. ಬೌಕೆ ಕೇಕು ತಿನ್ನುತ್ತ ಅಣ್ಣನ ಕಥೆ ಹೇಳಿದಳು. ಹತ್ತೊಂಬತ್ತು ವರ್ಷ. ಹಾರ್ಮೆನನ ಜೊತೆ ಒಂದೇ ಕಮ್ಮಾರನ ಹತ್ತಿರ ಕೆಲಸ ಕಲಿತವನು. ಆಮಶಂಕೆಯಲ್ಲಿ ಬಳಲಿ, ಹುಲ್ಲಿನ ಮೇಲೆ ಮಲಗಿದವನು ನಿದ್ದೆಯಲ್ಲೇ ಹೋದನಂತೆ. ಲಮ್ಮರ್ಟ್ ಪಕ್ಕದಲ್ಲಿದ್ದನಂತೆ, ನೋವು ಇರಲಿಲ್ಲವಂತೆ. “ಅಣ್ಣನ ಕೊನೇ ಉಸಿರು ಕೇಳಿದವರು ಅಂತಲೇ ನಾನಿವರನ್ನ ಮದುವೆಯಾಗಿದ್ದು ಕಣೆ. ಇಲ್ದೇ ಹೋದ್ರೆ ಈ ಮೂಗು ನೋಡಿ ಯಾರು ಒಪ್ತಿದ್ರು?” ಎಂದು ನಕ್ಕಳು. ಹೆಸರು ಕೂಗುವಾಗ ನನ್ನ ಪಕ್ಕದಲ್ಲೇ ನಿಲ್ಲು, ನಾನು ವೆಸ್ಸೆಲ್ ಎಂದ ಕೂಡಲೇ ನೀನು ಹಾರ್ಮೆನ್ ಅನ್ನು, ಗೆಳೆಯರಿಬ್ಬರು ಜೊತೆಯಾಗಲಿ ಎಂದು ತೀರ್ಮಾನವನ್ನೂ ಮಾಡಿಬಿಟ್ಟಳು.

ಯೆನೆಕೆಗೆ ಎದೆ ಹಗುರಾಗಿತ್ತು. ಹುಡುಕುತ್ತಿದ್ದ ಎಳೆ ಸಿಕ್ಕಿತ್ತು. ಆ ಹಗುರದಲ್ಲೇ ಮುಂದೆ ನೋಡಿದಳು. ಲಮ್ಮರ್ಟನ ಮುಷ್ಟಿಯೊಳಗೆ ಕೇಕು ಪುಡಿಯಾಗಿ, ಬೆರಳಸಂದಿಯಿಂದ ಅವನ ಪ್ಯಾಂಟಿನ ಮೇಲೆ ಉದುರುತ್ತಿತ್ತು.

ಮೂರ್‌ಹೋಲ್ಟ್‌ನಲ್ಲಿ ನೋಡುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಮರದ ಜೋಪಡಿಗಳನ್ನು ಯುದ್ಧದ ಮರುವರ್ಷವೇ ಸುತ್ತಲಿನ ರೈತರು ಸೌದೆಗೆ ಕಿತ್ತೊಯ್ದಿದ್ದರು. ಸಿಮೆಂಟಿನ ತಳಪಾಯಗಳು, ಅವುಗಳ ನಡುವೆ ಪೈನ್ ಗಿಡಗಳು, ಒಂದು ಹೊಸ ಇಟ್ಟಿಗೆ ಕಟ್ಟಡ. ಅದರೊಳಗೆ ಗಾಜಿನ ಕೆಳಗೆ ಸತ್ತವರ ದಫ್ತರು. ವೆಸ್ಸೆಲ್ ಡೌಮಾ, ಜೂನ್ ಎರಡು, ನವೆಂಬರ್ ಇಪ್ಪತ್ತಮೂರು, ಹೃದಯ ನಿಂತದ್ದು ಎಂದು ಅಂದವಾದ ಅಕ್ಷರದಲ್ಲಿತ್ತು. ಮೇಲಿನ ಹನ್ನೆರಡು ಜನರದ್ದೂ ಹೃದಯ ನಿಂತದ್ದೇ.

ಬೌಕೆ ಹೂ ಜೋಡಿಸುವವರ ಜೊತೆ ಉಳಿದಳು. ಲಮ್ಮರ್ಟ್ ಯೆನೆಕೆಯ ಬಳಿ ಬಂದು, ಹಳ್ಳ ನೋಡಬೇಕಲ್ಲ ನೀನು ಎಂದ. ಕೈದಿಗಳಿಂದ ತೋಡಿಸಿದ ಹಳ್ಳ, ಶತ್ರುಗಳ ಟ್ಯಾಂಕು ದಾಟಬಾರದೆಂದು. ಟ್ಯಾಂಕು ಕೊನೆಗೂ ಆ ದಾರಿಯಲ್ಲಿ ಬರಲೇ ಇಲ್ಲ. ಈಗ ಹಳ್ಳದ ಇನ್ನೂರು ಹೆಜ್ಜೆಯಷ್ಟು ಭಾಗ ಉಳಿದಿದೆ; ತಳದಲ್ಲಿ ಕಪ್ಪುನೀರು ನಿಂತಿತ್ತು, ಕಾಫಿಯ ಗಷ್ಟಿನಂತೆ. ಲಮ್ಮರ್ಟ್ ದಡದ ಅಂಚಿಗೆ ಬಂದು ನಿಂತ.

“ವೆಸ್ಸೆಲ್ ನಿದ್ದೇಲಿ ಸಾಯಲಿಲ್ಲ,” ಎಂದ. “ಇಲ್ಲಿ ಸತ್ತ.”

ಅವನು ನೀರಿನ ಕಡೆ ನೋಡುತ್ತಲೇ ಹೇಳಿದ. ಹಾರ್ಮೆನ್ ಗಟ್ಟಿಮುಟ್ಟಾಗಿದ್ದ, ಒಂದಿಷ್ಟು ಜರ್ಮನ್ ಮಾತೂ ಬರುತ್ತಿತ್ತು. ಎರಡನೇ ವಾರಕ್ಕೇ ಅವನನ್ನು ಇಪ್ಪತ್ತು ಜನರ ಮೇಲೆ ಮೇಸ್ತ್ರಿ ಮಾಡಿದರು. ತೋಳಿಗೊಂದು ಪಟ್ಟಿ, ಕೈಗೊಂದು ಸಲಿಕೆಯ ಮರದ ಕಾವು. ಸಂಜೆಯ ಗಂಜಿಯಲ್ಲಿ ಅವನಿಗೆ ಪಾತ್ರೆಯ ತಳದ ಸೌಟು. ತಳದಲ್ಲಿ ಟರ್ನಿಪ್ ಚೂರುಗಳಿರುತ್ತಿದ್ದವು, ಉಳಿದವರಿಗೆ ಬರೀ ನೀರು. ಮೊದಮೊದಲು ಅವನು ಹೊಡೆಯುವಂತೆ ನಟಿಸುತ್ತಿದ್ದ. ಕಾವಲಿನವರು ಅದನ್ನು ಕಂಡುಹಿಡಿದು ಅವನ ಮೇಲೆಯೇ ಹತ್ತು ಬಾರಿಸಿದರು. ಆಮೇಲೆ ಅವನು ನಟಿಸಲಿಲ್ಲ. ಮೊಣಕಾಲುದ್ದದ ಮಂಜುನೀರಿನಲ್ಲಿ ನಿಂತು ಮಣ್ಣೆತ್ತುತ್ತಿದ್ದವರ ಬೆನ್ನು, ಕುತ್ತಿಗೆ, ಕಿವಿ, ಎಲ್ಲಿ ಸಿಕ್ಕರೆ ಅಲ್ಲಿ. ಮೂಳೆ ಮುರಿದ ಸದ್ದಿಗೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ತಿರುಗಿದರೆ ತಮಗೂ ಬೀಳುತ್ತಿತ್ತು.

ಆ ಗುರುವಾರ ವೆಸ್ಸೆಲ್‌ಗೆ ಎದ್ದು ನಿಲ್ಲಲಾಗುತ್ತಿರಲಿಲ್ಲ. ತೊಡೆಯ ಮೇಲೆ ರಕ್ತಮಲ ಹರಿಯುತ್ತಿತ್ತು. ಅವನು ದಡಕ್ಕೆ ಒರಗಿ ಕೂತ. ಹಾರ್ಮೆನ್ ಹೋಗಿ ಏಳು ಎಂದ. ಏಳಲಿಲ್ಲ. ಹೊಡೆದ.

“ವೆಸ್ಸೆಲ್ ಅವನ ಹೆಸರು ಹಿಡಿದು ಕರೆದ,” ಎಂದ ಲಮ್ಮರ್ಟ್. “ಮೆತ್ತಗೆ. ಹಾರ್ಮೆನ್, ಸಾಕು ಮಾರಾಯ ಅಂದ, ಕಮ್ಮಾರನ ಅಂಗಡೀಲಿ ಅಂದ ಹಾಗೆ. ಅಲ್ಲೀವರೆಗೂ ಅವನು ಸುಮ್ನೆ ಹೊಡೀತಿದ್ದ ಅಷ್ಟೇ. ಹೆಸರು ಕೇಳಿದ ಮೇಲೆ ಮನುಷ್ಯ ಬೇರೆ ಆಗಿಬಿಟ್ಟ. ಬಾಯಿ ಮೇಲೇ ಹೊಡೆದ. ಹಲ್ಲು ನೀರಿಗೆ ಬಿತ್ತು. ಆಮೇಲೆ ಕೂದಲು ಹಿಡಿದು...”

“ನೀರಿಗೆ ಅದ್ದಿದ್ರು,” ಎಂದಳು ಯೆನೆಕೆ.

ಲಮ್ಮರ್ಟ್ ಮೊದಲ ಸಲ ಅವಳ ಮುಖ ನೋಡಿದ.

ಅವಳ ಮೂಗಿನ ತುಂಬ ಸೋಪಿನ ನೀರಿನ ವಾಸನೆ ಬಂತು. ಮಣಿಕಟ್ಟಿನ ಹಳೆಯ ಮುರಿತ ಮಿಡಿಯಿತು. ಅವಳಿಗೆ ಒಂದೇ ಒಂದು ಮಾತು ಕೇಳಬೇಕಿತ್ತು. ನಲವತ್ತೈದು ವರ್ಷದ ಬದುಕೆಲ್ಲ ಆ ಉತ್ತರದ ಮೇಲೆ ನಿಂತ ಹಾಗಿತ್ತು. ಬಂದೂಕು ಹಿಡಿದು ಎದುರಿಗೆ ನಿಂತವನಿದ್ದರೆ ಅವ್ವನ ಮುಲಾಮಿಗೆ ಇನ್ನೂ ಜೀವವಿತ್ತು.

“ಕಾವಲಿನವನು ಎದುರಿಗಿದ್ನಾ, ಮಾವ?”

“ಇರಲಿಲ್ಲ.”

“ದೂರದಲ್ಲಿ?”

“ಚಳಿ ಅಂತ ಒಲೆ ಕಾಯಿಸಿಕೊಳ್ಳೋಕೆ ಗುಡಿಸಲೊಳಗೆ ಹೋಗಿದ್ದ. ಬಾಗಿಲು ಮುಚ್ಚಿತ್ತು. ನಾವೇ ಇದ್ದಿದ್ದು. ಹಳ್ಳದ ಈ ತುದೀಲಿ ನಾವು ಆರು ಜನ, ಎಲ್ಲ ಒಂದೇ ಊರವರು. ಯಾರೂ ನೋಡ್ತಿರಲಿಲ್ಲ ಮಗಳೇ. ಬಿಡಬಹುದಿತ್ತು. ಬಿಡಲಿಲ್ಲ.”

ಗಾಳಿ ಬೀಸಿ ಪೈನ್ ಮರಗಳಿಂದ ಹನಿ ಉದುರಿತು. ಅವನಿನ್ನೂ ಮುಗಿಸಿರಲಿಲ್ಲ. ಆರು ಜನ ಸಲಿಕೆ ಹಿಡಿದು ನಿಂತಿದ್ದರಂತೆ. ಆರು ಸಲಿಕೆಗೆ ಎದುರು ಒಂದು ಕಾವು. ಯಾರೂ ಒಂದು ಹೆಜ್ಜೆ ಮುಂದಿಡಲಿಲ್ಲ. ವೆಸ್ಸೆಲ್‌ನ ಕಾಲು ಒದ್ದಾಡುವುದು ನಿಂತ ಮೇಲೆ ಹಾರ್ಮೆನ್ ದಡಕ್ಕೆ ಕೂತು ಕೈ ಒರೆಸಿಕೊಂಡ. ಹೆಣವನ್ನು ಮೇಲಕ್ಕೆ ಎಳೆಯಲು ಲಮ್ಮರ್ಟ್‌ಗೆ ಹೇಳಿದ.

“ಅವನ ಜೇಬಲ್ಲಿ ಬೆಳಗಿನ ರೊಟ್ಟಿ ಇತ್ತು. ನೆಂದು ಮುದ್ದೆಯಾಗಿತ್ತು. ನಾನು ತಿಂದೆ. ಅಲ್ಲೇ, ಅವನ ಪಕ್ಕದಲ್ಲೇ ನಿಂತ್ಕೊಂಡು.” ಲಮ್ಮರ್ಟ್ ಬಾಯಿ ಒರೆಸಿಕೊಂಡ, ಈಗಷ್ಟೇ ತಿಂದವನಂತೆ. “ಬೌಕೆಗೆ ಇದನ್ನ ಹೇಳಿದ್ರೆ ಅದನ್ನೂ ಹೇಳಬೇಕು. ನನ್ನ ಕೈಲಾಗಲ್ಲ. ಇನ್ನೇನು ಅವಳು ಇಬ್ಬರ ಹೆಸರೂ ಜೋಡಿಸ್ತಾಳೆ. ನಾನು ಆ ಹೆಸರಿಗೆ ಇದ್ದಾನೆ ಅನ್ನಬೇಕು. ನೀನೇ ಏನಾದ್ರೂ ಮಾಡು.”

ಯೆನೆಕೆ ಅವನನ್ನು ದಿಟ್ಟಿಸಿದಳು. ದಡ ಜಾರುತ್ತಿತ್ತು, ಅವನ ಎಡಗಾಲು ಗಟ್ಟಿಯಿಲ್ಲ. ಬೆನ್ನಿನ ನಡುವೆ ಒಂದು ಅಂಗೈ ಇಟ್ಟು ತಳ್ಳಿದರೆ ಸಾಕು. ಆರು ಸಲಿಕೆ ಹಿಡಿದು ನಿಂತಿದ್ದವರಲ್ಲಿ ಕೊನೆಯವನು ಆ ನೀರಿಗೆ ಮುಖ ಕೆಳಗಾಗಿ ಬೀಳುತ್ತಾನೆ. ಕುತ್ತಿಗೆಯ ಮೇಲೆ ಕಾಲಿಟ್ಟು ಎಣಿಸುತ್ತ ನಿಲ್ಲಬಹುದು. ಈ ಚಿತ್ರ ಅವಳಿಗೆ ಅದೆಷ್ಟು ಸಲೀಸಾಗಿ, ಅದೆಷ್ಟು ವಿವರವಾಗಿ ಬಂತೆಂದರೆ, ಅವಳು ಎರಡೂ ಕೈಗಳನ್ನು ಮಳೆಯಂಗಿಯ ಜೇಬಿಗೆ ತುರುಕಿ ಮುಷ್ಟಿ ಕಟ್ಟಿದಳು. ಈ ಮನುಷ್ಯ ಹೆಂಡತಿಗೆ ಹೇಳಲಾಗದ್ದನ್ನು ತಂದು ತನ್ನ ಮಡಿಲಿಗೆ ಸುರಿದಿದ್ದ. ಗಂಡಸರು ಹೊತ್ತು ತಂದದ್ದನ್ನು ಹೆಂಗಸರು ಇಳಿಸಿಕೊಳ್ಳಬೇಕು, ಯಾವತ್ತಿನಿಂದಲೂ ಹೀಗೇ. ಉಗುರು ಅಂಗೈಗೆ ಇಳಿದು ಉರಿಯತೊಡಗಿತು. ಅವಳು ಬಯಲಿನ ಕಡೆ ನಡೆದಳು. ಹಿಂದೆ ಕಾಲೆಳೆಯುವ ಸದ್ದು ಬರುತ್ತಿತ್ತು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಓಡಿದ್ದು ವೆಸ್ಸೆಲ್‌ನ ಸಾವಲ್ಲ, ಕಾಫಿ. ಹೊಸ್ತಿಲ ಮೇಲೆ ಕೂತು ಅಪ್ಪ ಕೇಳಿದ ಕಾಫಿ. ಅವನು ಹೊಡೆದದ್ದೆಲ್ಲ ಮೂರ್‌ಹೋಲ್ಟ್ ಅವನೊಳಗೆ ತುಂಬಿದ ವಿಷ ಎಂದು ಅವ್ವ ನಂಬಿದಳು, ಮಕ್ಕಳಿಗೂ ಅದನ್ನೇ ಕುಡಿಸಿದಳು. ವಿಷ ತುಂಬಿದ್ದು ನಿಜ. ಹತ್ತು ಏಟು ತಿಂದದ್ದೂ ನಿಜ. ಆದರೆ ಒಲೆಯ ಗುಡಿಸಲಿನ ಬಾಗಿಲು ಮುಚ್ಚಿತ್ತು. ಅಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದರಿಂದಲೇ ಒಂದು ಹೆಸರನ್ನು ಒಂದು ತಾರೀಕಿಗೆ ಕಟ್ಟಿಹಾಕಿ, ಮನೆಯಲ್ಲಿ ಯಾರೂ ಏನೆಂದು ಕೇಳದಂಥ ಒಂದೇ ಜಾಗದಲ್ಲಿ ತೂಗುಹಾಕಿದ್ದ. ಕೇಳಿದವಳು ಒಬ್ಬಳು, ಒಂಬತ್ತು ವರ್ಷದವಳು. ಅವಳು ಕೈಚಾಚಿ ಅವನನ್ನು ಅಭಿನಂದಿಸಿದ್ದಳು.

ಎರಡು ಗಂಟೆಗೆ ಎಲ್ಲರೂ ಐದೈದು ಜನರ ಸಾಲಿನಲ್ಲಿ ನಿಂತರು, ಕೈದಿಗಳು ನಿಲ್ಲುತ್ತಿದ್ದ ಹಾಗೆ. ಕೊಡೆ ಬಿಚ್ಚುವುದಿಲ್ಲ, ಅದೂ ರೂಢಿ. ತುಂತುರು ಹಿಡಿದಿತ್ತು. ಬೌಕೆ ಯೆನೆಕೆಯ ತೋಳಿಗೆ ತೋಳು ಸೇರಿಸಿದಳು. ಬೌಕೆಯ ಇನ್ನೊಂದು ಪಕ್ಕದಲ್ಲಿ ಲಮ್ಮರ್ಟ್. ಮುಂದಿನ ಸಾಲಿನಿಂದ ಹೆಸರುಗಳು ಶುರುವಾದವು. ಒಂದೊಂದು ಹೆಸರಿಗೂ ‘ಇದ್ದಾನೆ’ ಎಂಬ ದನಿ ಎದ್ದು, ಒದ್ದೆ ಬಯಲಿನ ಮೇಲೆ ಹರಡಿ, ಮರಗಳ ಹತ್ತಿರ ಸಾಯುತ್ತಿತ್ತು. ಎರಡನೇ ಸಾಲು, ಮೂರನೇ ಸಾಲು.

“ವೆಸ್ಸೆಲ್ ಡೌಮಾ,” ಎಂದಳು ಬೌಕೆ.

“ಇದ್ದಾನೆ,” ಎಂದರು ಎಲ್ಲರೂ. ಯೆನೆಕೆಯ ದನಿ ಅವಳೆಣಿಸಿದ್ದಕ್ಕಿಂತ ಜೋರಾಗಿ ಬಂತು. ಲಮ್ಮರ್ಟನ ತುಟಿ ಅಲುಗಿತು, ಸದ್ದು ಬರಲಿಲ್ಲ.

ಬೌಕೆ ಮೊಣಕೈಯಿಂದ ತಿವಿದಳು. ಯೆನೆಕೆಯ ಕೈಯಲ್ಲಿ ಈ ಪ್ರಯಾಣ ಏರ್ಪಡಿಸಿದ ಊರಿನ ಸಂಘದವರು ಕೊಟ್ಟ ಚೀಟಿ ಇತ್ತು. ನಮ್ಮ ಸಂಗಾತಿ ಹಾರ್ಮೆನ್ ಬೂರ್ಮಾ ಎಂದು ಟೈಪು ಮಾಡಿದ್ದರು. ಹನಿ ಬಿದ್ದು ಸಂಗಾತಿ ಎಂಬ ಮಾತು ಹರಡಿಕೊಳ್ಳುತ್ತಿತ್ತು. ಮೂವತ್ತು ಜನ ಕಾಯುತ್ತಿದ್ದರು.

ಅಳು ಬಂತೇನೆ ಎಂದು ಬೌಕೆ ಮೆಲ್ಲಗೆ ಕೇಳಿದಳು. “ಕೊಡು, ನಾನೇ ಕೂಗ್ತೀನಿ. ನಮ್ಮಣ್ಣನ ಗೆಳೆಯ ತಾನೇ.” ಅವಳು ಚೀಟಿಗೆ ಕೈ ಹಾಕಿದಳು, ಉಸಿರೆಳೆದುಕೊಂಡು ಬಾಯಿ ತೆರೆದಳು.

ಯೆನೆಕೆ ಅವಳ ಮಣಿಕಟ್ಟು ಹಿಡಿದಳು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಮುದುಕಿಯ ಬಾಯಿಂದ ಸಣ್ಣಗೆ ಹಾ ಎಂದು ಹೊರಟಿತು. ಬೆರಳ ಕೆಳಗೆ ಚರ್ಮ ಬಿಳಿಚಿ, ಎರಡು ತೆಳು ಮೂಳೆಗಳು ಒಂದಕ್ಕೊಂದು ತಾಗಿದ್ದು ಅಂಗೈಗೆ ತಿಳಿಯಿತು. ಇನ್ನೊಂದು ಸುತ್ತು ತಿರುಗಿಸಿದರೆ ಮುರಿಯುತ್ತದೆ. ಎಲ್ಲಿ, ಹೇಗೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಒಂದೊಂದೇ ಬೆರಳನ್ನು ಸಡಿಲಿಸಿದಳು. ಕೈ ಮಾತ್ರ ಬಿಡಲಿಲ್ಲ.

“ಬೇಡ ಅತ್ತೆ. ನಮ್ಮಪ್ಪ ಮನೆಗೆ ಬಂದರು. ಇದು ಬರದೇ ಇದ್ದೋರ ಜಾಗ. ಇಲ್ಲಿ ನಿಮ್ಮಣ್ಣನ ಹೆಸರು ಸಾಕು.”

ಬೌಕೆ ಅವಳನ್ನು ನೋಡಿದಳು. ಕೈ ನೋಯುತ್ತಿದ್ದರೂ ಮುಖ ಮೆತ್ತಗಾಯಿತು. ಎಂಥ ದೊಡ್ಡ ಮನಸ್ಸು ಕಣೆ ನಿಂದು, ತಂದೆಗೆ ತಕ್ಕ ಮಗಳು ಎಂದಳು. ಯೆನೆಕೆ ಆ ಮಾತನ್ನು ಕೆನ್ನೆಗೆ ಬಿದ್ದ ಏಟಿನಂತೆ, ಕದಲದೆ ತೆಗೆದುಕೊಂಡಳು. ಹಿಂದಿನ ಸಾಲಿನವರು ಮುಂದಿನ ಹೆಸರು ಕೂಗಿದರು. ‘ಇದ್ದಾನೆ’ ಎಂದರು ಎಲ್ಲರೂ. ಈ ಸಲ ಲಮ್ಮರ್ಟನ ದನಿಯೂ ಕೇಳಿಸಿತು. ಅವನು ಕೃತಜ್ಞತೆಯಿಂದ ಅವಳ ಕಡೆ ತಿರುಗಿದ. ಅವಳು ಅವನತ್ತ ನೋಡಲಿಲ್ಲ.

ಸಿಟ್ಸೆ ಸಂಜೆ ಫೋನು ಮಾಡುತ್ತಾನೆ. ಎಲ್ಲ ಚೆನ್ನಾಗಿ ಆಯಿತು ಎಂದರೆ ಸಾಕು ಅವನಿಗೆ. ಮುಂದಿನ ವರ್ಷ ನಾನೇ ಹೋಗಿ ಕೂಗುತ್ತೇನೆ ಎಂದರೂ ಎನ್ನಬಹುದು. ಅವನು ಬಾರದಿದ್ದರೆ, ಬಿಟ್ಟುಹೋದ ಹೆಸರೆಂದು ಬೌಕೆಯೇ ಒಂದು ದಿನ ಅಕ್ಕರೆಯಿಂದ ಕೂಗಿಬಿಡಬಹುದು. ಈ ಮಣ್ಣಿನ ಮೇಲೆ, ಆ ಬಾಯಿಂದ.

ತಾನು ಬದುಕಿರುವ ತನಕ ಅದು ಆಗಕೂಡದು. ಅದಕ್ಕಾಗಿ ಪ್ರತಿ ನವೆಂಬರಿನಲ್ಲಿ ಈ ಬಸ್ಸು ಹತ್ತಬೇಕಾದರೆ ಹತ್ತುವುದು. ಈ ಹೆಂಗಸಿನ ಪಕ್ಕದಲ್ಲೇ, ಅವಳ ತೋಳಿಗೆ ತೋಳು ಸೇರಿಸಿ ನಿಲ್ಲುವುದು. ಏಕೆಂದು ಯಾರು ಕೇಳಿದರೂ ಹೇಳದಿರುವುದು. ಯೆನೆಕೆ ಚೀಟಿಯನ್ನು ಮುದುರಿ ಜೇಬಿಗೆ ಹಾಕಿದಳು. ಮುಂದಿನ ಹೆಸರು ಬಂದಾಗ ಎಲ್ಲರ ಜೊತೆ ದನಿಗೂಡಿಸಿದಳು.